ಸೋವಿ ಬೆಲೆಗೆ ಒಳ್ಳೆಯ ಸರಕು: ಔಟ್‌ಲೆಟ್ ಮಳಿಗೆಗಳಲ್ಲೂ ಹಳೆ ಸಾಮಾನಿನ ಸಂತೆಗಳಲ್ಲೂ ಕೊಳ್ಳುವ ಬಗೆ

ಕಂಪನಿಗಳು ತಮ್ಮ ಬ್ರಾಂಡಿನ ಸರಕನ್ನು ಇಳಿಸಿದ ಬೆಲೆಗೆ ಮಾರುವ ಔಟ್‌ಲೆಟ್ ಮಳಿಗೆಯೊಳಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಬೆಲೆಚೀಟಿಯ ಮೇಲೆ ಗೀಟು ಹೊಡೆದಿರುವ ಹಳೆಯ ಬೆಲೆಯ ಕಡೆಗೆ. ಅದಕ್ಕೂ ಅದರ ಕೆಳಗೆ ಬರೆದ ಹೊಸ ಬೆಲೆಗೂ ಇರುವ ಅಂತರವನ್ನೇ ನಾವು ಉಳಿತಾಯವೆಂದು ಲೆಕ್ಕ ಹಾಕುತ್ತೇವೆ. ಹಳೆ ಸಾಮಾನಿನ ಸಂತೆಯಲ್ಲಿ ಬೆಲೆಚೀಟಿ ಇಲ್ಲದಿದ್ದಾಗ ಅದೇ ಕೆಲಸವನ್ನು ಮಾರಾಟಗಾರರ ಬಾಯಿಂದ ಬರುವ ಮೊದಲ ಬೆಲೆ ಮಾಡುತ್ತದೆ. ಮನಸ್ಸು ಮೊದಲು ಕೇಳಿದ ಅಂಕಿಗೆ ಎಷ್ಟು ಸುಲಭವಾಗಿ ಕಟ್ಟುಬೀಳುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಅಮೋಸ್ ಟ್ವೆರ್‌ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರ ತಮ್ಮ ಪ್ರಬಂಧದಲ್ಲಿ ತೋರಿಸಿದ್ದರು. ಅಂಕಿಗಳಿದ್ದ ಚಕ್ರವೊಂದನ್ನು ತಿರುಗಿಸಿ, ವಿಶ್ವಸಂಸ್ಥೆಯ ಸದಸ್ಯರಲ್ಲಿ ಆಫ್ರಿಕದ ದೇಶಗಳು ಶೇಕಡಾ ಎಷ್ಟು ಎಂದು ಜನರನ್ನು ಕೇಳಿದಾಗ, ಚಕ್ರ 10ಕ್ಕೆ ನಿಂತಿದ್ದನ್ನು ಕಂಡವರ ಊಹೆ 25ರ ಸುಮಾರಿಗೆ ಇತ್ತು. 65ಕ್ಕೆ ನಿಂತಿದ್ದನ್ನು ಕಂಡವರದು 45ರ ಸುಮಾರಿಗೆ. ಚಕ್ರಕ್ಕೂ ಪ್ರಶ್ನೆಗೂ ಯಾವ ಸಂಬಂಧವೂ ಇರಲಿಲ್ಲ. ಹೀಗಿರುವಾಗ ವಸ್ತುವಿನ ಮೇಲೆಯೇ ಅಂಟಿಸಿದ ಅಂಕಿ ನಮ್ಮನ್ನು ಎಷ್ಟು ದೂರ ಎಳೆದೊಯ್ಯಬಹುದು ಎಂದು ಯೋಚಿಸಿ.

ಆದ್ದರಿಂದ ನಾನು ಎಲ್ಲರಿಗೂ ಹೇಳುವ ಕ್ರಮ ಒಂದೇ: ಮೊದಲು ವಸ್ತುವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಬೇಕು, ಅದಕ್ಕೆ ತಾವು ಗರಿಷ್ಠ ಎಷ್ಟು ಕೊಡಬಹುದೆಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಳ್ಳಬೇಕು, ಆಮೇಲೆ ಬೆಲೆ ನೋಡಬೇಕು ಅಥವಾ ಕೇಳಬೇಕು. ಮುಂದೆ ಹೇಳುವುದೆಲ್ಲ ಆ ಪರೀಕ್ಷೆಯನ್ನು ಸರಿಯಾಗಿ ಮಾಡುವ ಬಗೆಯನ್ನು ಕುರಿತದ್ದು.

ಹೊರಡುವ ಮುನ್ನ

ಬೇಕಾದ ವಸ್ತುಗಳ ಪಟ್ಟಿಯನ್ನು ಬರೆದಿಟ್ಟುಕೊಳ್ಳಿ. ಪ್ರತಿಯೊಂದರ ಎದುರು ಮಾಮೂಲಿ ಅಂಗಡಿಯಲ್ಲಿ ಅದಕ್ಕಿರುವ ಬೆಲೆಯನ್ನೂ ಬರೆಯಿರಿ. ಪೀಠೋಪಕರಣ ಬೇಕಿದ್ದರೆ ಅದನ್ನು ಇಡುವ ಜಾಗದ ಅಳತೆಯ ಜೊತೆಗೆ ಮನೆಯ ಬಾಗಿಲು ಮತ್ತು ಮೆಟ್ಟಿಲಿನ ತಿರುವಿನ ಅಗಲವನ್ನೂ ಅಳೆದುಕೊಳ್ಳಬೇಕು. ಚೀಲದಲ್ಲಿ ಅಳತೆಪಟ್ಟಿ, ಚಿಕ್ಕ ಟಾರ್ಚು, ಭೂತಗನ್ನಡಿ, ಪುಟ್ಟ ಅಯಸ್ಕಾಂತ ಮತ್ತು ಸುತ್ತಲು ಹಳೆಯ ಬಟ್ಟೆ ಇರಲಿ. ಸಂತೆಗೆ ಹೋಗುವವರು ಚಿಲ್ಲರೆ ನೋಟುಗಳನ್ನು ಮರೆಯಬಾರದು. ಔಟ್‌ಲೆಟ್ ಕೇಂದ್ರಗಳು ಸಾಮಾನ್ಯವಾಗಿ ಊರಿನಿಂದ ದೂರ, ಹೆದ್ದಾರಿಗಳ ಬದಿಯಲ್ಲಿ ಇರುವುದರಿಂದ ಹೋಗಿಬರುವ ಖರ್ಚನ್ನೂ ಉಳಿತಾಯದಿಂದ ಕಳೆಯಬೇಕು. ದೂರ ಬಂದ ಮೇಲೆ ಬರಿಗೈಯಲ್ಲಿ ಮರಳಲು ಮನಸ್ಸಾಗುವುದಿಲ್ಲವೆಂಬುದು ಅಂಗಡಿಯವರಿಗೂ ಗೊತ್ತು.

ಔಟ್‌ಲೆಟ್ ಮಳಿಗೆಗಳಲ್ಲಿ

ಈ ಮಳಿಗೆಗಳ ಮೂಲ ಕಾರ್ಖಾನೆಗಳ ಬಾಗಿಲಲ್ಲಿದೆ. ಸಣ್ಣಪುಟ್ಟ ದೋಷವಿದ್ದ ಅಥವಾ ಮಿಕ್ಕುಳಿದ ಸರಕನ್ನು ಕಾರ್ಖಾನೆಗಳು ತಮ್ಮ ನೌಕರರಿಗೂ ಆಮೇಲೆ ಹೊರಗಿನವರಿಗೂ ಕಡಿಮೆ ಬೆಲೆಗೆ ಮಾರುತ್ತಿದ್ದವು. 1970ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ರೀಡಿಂಗ್ ನಗರದಲ್ಲಿ ವ್ಯಾನಿಟಿ ಫೇರ್ ಕಂಪನಿ ತನ್ನ ಗಿರಣಿಯ ಕಟ್ಟಡದಲ್ಲಿ ತೆರೆದ ಮಳಿಗೆ ಈ ವ್ಯಾಪಾರ ದೊಡ್ಡದಾಗಿ ಬೆಳೆಯಲು ದಾರಿ ಮಾಡಿಕೊಟ್ಟಿತು. ಆದರೆ ಇಂತಹ ಕೇಂದ್ರಗಳು ನೂರಾರಾದ ಮೇಲೆ ಅವನ್ನೆಲ್ಲ ತುಂಬಿಸುವಷ್ಟು ಮಿಕ್ಕ ಸರಕು ಎಲ್ಲಿಂದ ಬರಬೇಕು? ಹಲವು ಕಂಪನಿಗಳು ಔಟ್‌ಲೆಟ್‌ಗಾಗಿಯೇ ಬೇರೆ ಸರಕನ್ನು, ತೆಳುವಾದ ಬಟ್ಟೆ ಮತ್ತು ಅಗ್ಗದ ಬಿಡಿಭಾಗಗಳನ್ನು ಬಳಸಿ, ತಯಾರಿಸತೊಡಗಿದವು. ಮುಖ್ಯ ಅಂಗಡಿಯಲ್ಲಿ ಎಂದೂ ಮಾರಾಟಕ್ಕಿಡದ ಅಂಗಿಯ ಮೇಲೆ ಗೀಟು ಹೊಡೆದ ಹಳೆಯ ಬೆಲೆ ಇದ್ದರೆ ಆ ಬೆಲೆಗೆ ಅರ್ಥವೇ ಇಲ್ಲ. 2014ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ನಾಲ್ವರು ಸದಸ್ಯರು ಇದೇ ವಿಷಯವನ್ನೆತ್ತಿ, ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ಗೆ ಪತ್ರ ಬರೆದಿದ್ದರು. ಐರೋಪ್ಯ ಒಕ್ಕೂಟದಲ್ಲಿ 2022ರ ಮೇ 28ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಬೆಲೆ ಇಳಿಸಿದ್ದೇವೆಂದು ಹೇಳುವ ಅಂಗಡಿ ಅದಕ್ಕೆ ಹಿಂದಿನ ಕನಿಷ್ಠ 30 ದಿನಗಳಲ್ಲಿ ತಾನು ಆ ವಸ್ತುವಿಗೆ ಪಡೆದ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕು. ಕೊಳ್ಳುವವರಿಗೆ ಇದು ನಿಜವಾಗಿ ನೆರವಾಗುವ ನಿಯಮವೆಂದು ನನ್ನ ಅಭಿಪ್ರಾಯ. ಇಂಥದ್ದು ಇಲ್ಲದ ಕಡೆ ಆ ಕೆಲಸವನ್ನು ನಾವೇ ಮಾಡಿಕೊಳ್ಳಬೇಕಾಗುತ್ತದೆ.

ಔಟ್‌ಲೆಟ್‌ಗೆಂದೇ ತಯಾರಾದ ಸರಕನ್ನೂ ನಿಜವಾಗಿ ಮಿಕ್ಕು ಬಂದ ಸರಕನ್ನೂ ಬೇರ್ಪಡಿಸಲು ಹಲವು ಸುಳಿವುಗಳಿವೆ. ಒಂದೇ ಅಂಗಿ ಎಲ್ಲ ಅಳತೆಗಳಲ್ಲಿ, ಎಲ್ಲ ಬಣ್ಣಗಳಲ್ಲಿ ಅಟ್ಟಿ ಅಟ್ಟಿಯಾಗಿ ಜೋಡಿಸಿಟ್ಟಿದ್ದರೆ ಅದು ಬಹುಮಟ್ಟಿಗೆ ಅಲ್ಲಿಗೆಂದೇ ಮಾಡಿದ್ದು. ಮಿಕ್ಕ ಸರಕು ಒಂದೆರಡು ಅಳತೆಗಳಲ್ಲಿ, ಹೆಚ್ಚಾಗಿ ತೀರ ಚಿಕ್ಕದು ಅಥವಾ ತೀರ ದೊಡ್ಡದು, ಮಳಿಗೆಯ ಹಿಂಬದಿಯ ಗೂಟಗಳಲ್ಲಿ ಬಿಡಿಬಿಡಿಯಾಗಿ ನೇತಾಡುತ್ತಿರುತ್ತದೆ. ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನು ಮೊಬೈಲಿನಲ್ಲಿ ಹುಡುಕಿದರೆ ಅದು ಮುಖ್ಯ ಅಂಗಡಿಯಲ್ಲಿ ಮಾರಾಟವಾಗಿತ್ತೇ ಎಂಬುದು ಎಷ್ಟೋ ಸಲ ಗೊತ್ತಾಗುತ್ತದೆ. ಅದೂ ಸಾಲದಿದ್ದರೆ ಮಳಿಗೆಯ ಸಿಬ್ಬಂದಿಯನ್ನೇ ನೇರವಾಗಿ ಕೇಳಿ. ಸೌಜನ್ಯದಿಂದ ಕೇಳಿದರೆ ಹೆಚ್ಚಿನವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಔಟ್‌ಲೆಟ್‌ಗೆಂದೇ ಮಾಡಿದ ಸರಕನ್ನು ಕೊಳ್ಳಲೇಬಾರದೆಂದು ನಾನು ಹೇಳುವುದಿಲ್ಲ. ಅದನ್ನು ಅದರದೇ ಯೋಗ್ಯತೆಯ ಮೇಲೆ ತೂಗಿ ನೋಡಬೇಕು, ಅಷ್ಟೆ.

ಉದಾಹರಣೆಗೆ ಒಂದು ಕೋಟನ್ನು ಎತ್ತಿಕೊಳ್ಳಿ. ಮೊದಲು ಅದನ್ನು ಒಳಮೈ ಹೊರಗಾಗುವಂತೆ ತಿರುಗಿಸಿ. ಹೊಲಿಗೆಗಳು ಒತ್ತಾಗಿ, ನೇರವಾಗಿ, ದಾರ ಎಲ್ಲಿಯೂ ಜೋತುಬೀಳದಂತೆ ಇವೆಯೇ? ಹೊಲಿಗೆಯ ಆಚೆಗೆ ಬಿಟ್ಟ ಬಟ್ಟೆಯ ಅಂಚು ತೀರ ಕಿರಿದಾಗಿದ್ದರೆ ಮುಂದೆ ಬಿಡಿಸಿ ಸಡಿಲಿಸಲು ಬರುವುದಿಲ್ಲ; ಸ್ವಲ್ಪ ಎಳೆದರೂ ಹೊಲಿಗೆ ಬಿರಿಯುತ್ತದೆ. ಪಟ್ಟೆ ಅಥವಾ ಚೌಕುಳಿಯ ಬಟ್ಟೆಯಾದರೆ ಭುಜ, ಜೇಬು ಮತ್ತು ಪಕ್ಕದ ಹೊಲಿಗೆಗಳಲ್ಲಿ ಗೆರೆಗೆ ಗೆರೆ ಕೂಡಿದೆಯೇ ನೋಡಿ. ಹೀಗೆ ಕೂಡಿಸಲು ಹೆಚ್ಚು ಬಟ್ಟೆ ಬೇಕಾಗುವುದರಿಂದ ಖರ್ಚು ಉಳಿಸುವವರು ಮೊದಲು ಕೈಬಿಡುವುದು ಇದನ್ನೇ. ಕಾಜಾಗಳ ಅಂಚಿನ ದಾರ ದಟ್ಟವಾಗಿರಬೇಕು, ಗುಂಡಿ ಎಳೆದರೆ ಅಲುಗಾಡಬಾರದು. ಜಿಪ್ಪನ್ನು ಪೂರ್ತಿ ಎಳೆದು ಮತ್ತೆ ಮುಚ್ಚಿ, ಅದು ಮಧ್ಯದಲ್ಲಿ ತಡೆಯುತ್ತದೆಯೇ ಪರೀಕ್ಷಿಸಿ. ಅಸ್ತರು ಕೋಟಿನ ಬಟ್ಟೆಗಿಂತ ಸ್ವಲ್ಪ ಸಡಿಲವಾಗಿರಬೇಕು. ಬಿಗಿಯಾಗಿದ್ದರೆ ಕೈ ಎತ್ತಿದಾಗಲೆಲ್ಲ ಕಂಕುಳಲ್ಲಿ ಹರಿಯುತ್ತದೆ. ಆಮೇಲೆ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ ಬಿಟ್ಟು ಸುಕ್ಕು ಉಳಿಯುತ್ತದೆಯೇ, ಬೆಳಕಿಗೆ ಹಿಡಿದು ತೀರ ತೆಳುವಾಗಿದೆಯೇ ನೋಡಿ. ಇಷ್ಟಕ್ಕೆ ಎರಡು ಮೂರು ನಿಮಿಷ ಸಾಕು, ಇದನ್ನು ಮಾಡಿದ ಮೇಲೆ ಬ್ರಾಂಡಿನ ಹೆಸರು ಹೇಳದಿರುವುದನ್ನೂ ಕೋಟೇ ಹೇಳುತ್ತದೆ.

ಪಾದರಕ್ಷೆಗಳಲ್ಲಿ ಎರಡೂ ಕಾಲಿನವು ಒಂದೇ ಅಳತೆಯವೇ ಎಂದು ತಪ್ಪದೆ ನೋಡಬೇಕು, ಏಕೆಂದರೆ ಜನ ಹಾಕಿ ನೋಡಿ ಇಟ್ಟ ಜೋಡಿಗಳು ಅದಲುಬದಲಾಗಿರುತ್ತವೆ. ದೋಷವಿದೆಯೆಂದು ಚೀಟಿ ಹಚ್ಚಿದ ಸರಕಿನಲ್ಲಿ ದೋಷ ಎಲ್ಲಿದೆಯೆಂದು ಪತ್ತೆಯಾಗುವವರೆಗೆ ಕೊಳ್ಳಬೇಡಿ; ಒಳಭಾಗದ ಬಣ್ಣದ ಕಲೆಯಾದರೆ ಚಿಂತೆಯಿಲ್ಲ, ಹೊಲಿಗೆಯ ಓರೆಯಾದರೆ ಒಗೆದಂತೆಲ್ಲ ಹೆಚ್ಚಾಗುತ್ತದೆ. ಎರಡು ಕೊಂಡರೆ ಮೂರನೆಯದು ಉಚಿತವೆಂಬ ಕೊಡುಗೆಯ ಮುಂದೆ ನಿಂತಾಗ ಪಟ್ಟಿಯನ್ನು ಹೊರತೆಗೆದು ನೋಡಿ. ಋತು ಮುಗಿಯುವ ಹೊತ್ತಿನಲ್ಲಿ, ವಾರದ ನಡುವಿನ ದಿನಗಳ ಬೆಳಗ್ಗೆ ಹೋದರೆ ನೂಕುನುಗ್ಗಲಿಲ್ಲದೆ ಆರಿಸಬಹುದು.

ಹಳೆ ಸಾಮಾನಿನ ಸಂತೆಯಲ್ಲಿ

ಪ್ಯಾರಿಸ್ಸಿನ ಅಂಚಿನ ಸಾಂತ್ ಉವಾಂನಂಥ ದೊಡ್ಡ ಸಂತೆಯಿರಲಿ, ಲಂಡನ್ನಿನ ಪೋರ್ಟೊಬೆಲೊ ರಸ್ತೆಯಿರಲಿ, ಬಯಲಿನಲ್ಲಿ ಬಟ್ಟೆ ಹಾಸಿ ಕುಳಿತ ಹತ್ತು ಜನರ ಸಣ್ಣ ಸಂತೆಯಿರಲಿ, ಕೊಳ್ಳುವವರ ಕೆಲಸ ಒಂದೇ ಬಗೆಯದು. ಬೆಳಗಾಗುತ್ತಲೇ ಹೋದವರಿಗೆ ಒಳ್ಳೆಯ ವಸ್ತುಗಳು ಸಿಗುತ್ತವೆ. ಮುಚ್ಚುವ ಹೊತ್ತಿಗೆ ಹೋದವರಿಗೆ ಕಡಿಮೆ ಬೆಲೆ ಸಿಗುತ್ತದೆ, ಏಕೆಂದರೆ ಮಾರದೆ ಉಳಿದದ್ದನ್ನು ಮತ್ತೆ ಹೊತ್ತೊಯ್ಯಲು ಯಾರಿಗೂ ಇಷ್ಟವಿಲ್ಲ. ಮುಖ್ಯವಾದ ವಸ್ತುವೊಂದನ್ನು ಹುಡುಕುತ್ತಿದ್ದರೆ ಬೆಳಗ್ಗೆ ಹೋಗುವುದೇ ಮೇಲು.

ಲೋಹದ ಸಾಮಾನುಗಳಲ್ಲಿ ಭೂತಗನ್ನಡಿ ಬಹಳ ಉಪಯೋಗಕ್ಕೆ ಬರುತ್ತದೆ. 925 ಎಂಬ ಮುದ್ರೆ ಸಾವಿರದಲ್ಲಿ 925 ಪಾಲು ಬೆಳ್ಳಿಯಿರುವ ಸ್ಟರ್ಲಿಂಗನ್ನು ಸೂಚಿಸುತ್ತದೆ. ಯೂರೋಪಿನ ಹಳೆಯ ಸಾಮಾನುಗಳಲ್ಲಿ 800 ಕೂಡ ಕಾಣಸಿಗುತ್ತದೆ. ಇಪಿಎನ್‌ಎಸ್ (EPNS) ಎಂಬ ಅಕ್ಷರಗಳಿದ್ದರೆ ಅದು ನಿಕ್ಕಲ್ ಮಿಶ್ರಲೋಹದ ಮೇಲೆ ತೆಳುವಾಗಿ ಬೆಳ್ಳಿ ಲೇಪಿಸಿದ್ದು, ಬೆಳ್ಳಿಯ ಬೆಲೆಗೆ ಬಾಳುವುದಿಲ್ಲ. ಚಿನ್ನದಲ್ಲಿ 916 ಎಂದರೆ 22 ಕ್ಯಾರೆಟ್, 750 ಎಂದರೆ 18, 585 ಎಂದರೆ 14, 375 ಎಂದರೆ 9. ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದಾದ್ದರಿಂದ ದುಬಾರಿ ವಸ್ತುವಾದರೆ ಅಕ್ಕಸಾಲಿಗರಿಂದ ಪರೀಕ್ಷೆ ಮಾಡಿಸದೆ ಹಣ ಕೊಡಬಾರದು. ಅಯಸ್ಕಾಂತಕ್ಕೆ ಅಂಟುವುದು ಗಟ್ಟಿ ಹಿತ್ತಾಳೆಯೂ ಅಲ್ಲ, ತಾಮ್ರವೂ ಅಲ್ಲ, ಬೆಳ್ಳಿಯೂ ಅಲ್ಲ. ಅಂಟಲಿಲ್ಲವೆಂದ ಮಾತ್ರಕ್ಕೆ ಅದು ಅಸಲಿ ಎಂದೂ ಆಗುವುದಿಲ್ಲ.

ಪಿಂಗಾಣಿಯ ಬಟ್ಟಲನ್ನು ಬೆರಳತುದಿಗಳ ಮೇಲೆ ನಿಲ್ಲಿಸಿಕೊಂಡು ಉಗುರಿನಿಂದ ಮೆಲ್ಲಗೆ ತಟ್ಟಿದರೆ ಗಟ್ಟಿಯಾದದ್ದು ಗಂಟೆಯಂತೆ ನಾದ ಹೊರಡಿಸುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಕಂಠದ ಸುತ್ತ ಬೆರಳಾಡಿಸಿದರೆ ಕಣ್ಣಿಗೆ ಕಾಣದ ಸಣ್ಣ ಚೂರು ಹಾರಿದ ಜಾಗ ಕೈಗೆ ತಿಳಿಯುತ್ತದೆ. ಆಮೇಲೆ ತಳವನ್ನು ನೋಡಿ. 1890ರ ಮೆಕಿನ್ಲೆ ಸುಂಕ ಕಾಯ್ದೆಯ ಪ್ರಕಾರ ಅಮೆರಿಕಕ್ಕೆ ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರುವುದು 1891ರಿಂದ ಕಡ್ಡಾಯವಾಯಿತು. ಆದ್ದರಿಂದ ತಳದಲ್ಲಿ ಇಂಗ್ಲೆಂಡ್ ಎಂದೋ ಜರ್ಮನಿ ಎಂದೋ ಇಂಗ್ಲಿಷಿನಲ್ಲಿ ಮುದ್ರಿಸಿರುವ ತಟ್ಟೆಯನ್ನು ಇನ್ನೂರು ವರ್ಷ ಹಳೆಯದೆಂದು ಯಾರಾದರೂ ಹೇಳಿದರೆ ಸಂದೇಹ ಪಡುವುದು ಸರಿ.

ಮರದ ಪೀಠೋಪಕರಣದಲ್ಲಿ ಖಾನೆಗಳನ್ನು ಪೂರ್ತಿ ಹೊರಗೆಳೆದು ತಿರುವಿಹಾಕಿ. ಮೂಲೆಗಳಲ್ಲಿ ಹಲ್ಲಿಗೆ ಹಲ್ಲು ಕಚ್ಚಿಕೊಂಡಿರುವ ಜೋಡಣೆ ಇದ್ದರೆ ಅದನ್ನು ಬಾಳಿಕೆಗೆ ಮಾಡಿದ್ದಾರೆ; ಹಲ್ಲುಗಳ ಅಗಲ ಒಂದೊಂದು ಬಗೆಯಾಗಿದ್ದರೆ ಕೈಯಿಂದ ಮಾಡಿದ್ದೆಂದು ಊಹಿಸಬಹುದು. ಬರಿಯ ಮೊಳೆ ಅಥವಾ ಅಂಟಿನಿಂದ ಕೂಡಿಸಿದ್ದು ಅಷ್ಟು ಬಾಳುವುದಿಲ್ಲ. ಕೂಡುವ ಚಿಹ್ನೆಯ ತಲೆಯಿರುವ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಅದಕ್ಕಿಂತ ಹಳೆಯದೆಂದು ಹೇಳುವ ಕಪಾಟಿನಲ್ಲಿ ಅಂಥವು ಕಂಡರೆ ಅದು ರಿಪೇರಿಯಾಗಿದೆ ಅಥವಾ ಅಷ್ಟು ಹಳೆಯದಲ್ಲ. ಕಾಲುಗಳ ಬುಡದಲ್ಲಿ ಸಣ್ಣ ದುಂಡು ತೂತುಗಳಿದ್ದು, ತಟ್ಟಿದಾಗ ಹೊಸ ಹುಡಿ ಉದುರಿದರೆ ಒಳಗೆ ಹುಳು ಇನ್ನೂ ಜೀವಂತವಾಗಿದೆ. ಮನೆಯ ಉಳಿದ ಮರಕ್ಕೂ ಅದು ಹರಡಬಲ್ಲದು.

ಬೆಲೆ ಎಷ್ಟೇ ಕಡಿಮೆಯಾದರೂ ಮುಟ್ಟದೆ ಬಿಡಬೇಕಾದವು ಕೆಲವಿವೆ. ಹೆಲ್ಮೆಟ್ಟು ಮತ್ತು ಮಕ್ಕಳ ಕಾರ್ ಸೀಟು ಅಪಘಾತ ಕಂಡಿದ್ದರೂ ಹೊರಗಿನಿಂದ ತಿಳಿಯುವುದಿಲ್ಲ. ಹಳೆಯ ಬಣ್ಣ ಬಳಿದ ಆಟಿಕೆ ಮತ್ತು ತೊಟ್ಟಿಲುಗಳಲ್ಲಿ ಸೀಸವಿರಬಹುದು. ಅಮೆರಿಕದಲ್ಲೇ ಮನೆಬಳಕೆಯ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಬಳಸಿದ ಹಾಸಿಗೆಯನ್ನು ತರಲೇಬಾರದು. ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅಳಿವಿನಂಚಿನ ಪ್ರಾಣಿ ಮತ್ತು ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ (CITES) ಒಪ್ಪಂದದಡಿ 1989ರಲ್ಲಿ ತೀರ್ಮಾನಿಸಿದ ನಿಷೇಧವಿರುವುದರಿಂದ ಅಂಥ ವಸ್ತುವನ್ನು ಗಡಿ ದಾಟಿಸುವುದು ಅಪರಾಧವಾಗಬಹುದು. ಪೆಟ್ಟಿಗೆಯನ್ನೂ ಒಡೆಯದ ಹೊಸ ಫೋನು ಕಾಲುಬೆಲೆಗೆ ಸಿಗುತ್ತಿದ್ದರೆ ಅದು ಕದ್ದದ್ದಿರಬಹುದು.

ಬೆಲೆ ಮಾತಾಡುವುದು

ಚೌಕಾಸಿ ಎಂದರೆ ಜಗಳವಲ್ಲ, ಮಾರುವವರ ವಸ್ತುವನ್ನು ಹೀಗಳೆಯುವುದೂ ಅಲ್ಲ. ಬಿಸಿಲಲ್ಲಿ ಕುಳಿತು ಮಾರುತ್ತಿರುವವರ ದುಡಿಮೆಗೂ ಬೆಲೆಯಿದೆ. ಅವರೊಡನೆ ಗೌರವದಿಂದ ಮಾತಾಡುವುದು ನಮ್ಮ ಕರ್ತವ್ಯ, ಅದರಿಂದ ವ್ಯವಹಾರವೂ ಹಗುರಾಗುತ್ತದೆ. ವಸ್ತು ಎಲ್ಲಿಂದ ಬಂತು, ಏನೇನು ರಿಪೇರಿಯಾಗಿದೆ ಎಂದು ಮೊದಲು ವಿಚಾರಿಸಿ. ಬೆಲೆ ಕೇಳಿದ ಮೇಲೆ ಒಂದು ಗಳಿಗೆ ಸುಮ್ಮನಿರಿ. ಎಷ್ಟೋ ಸಲ ಮಾರುವವರೇ ತಾವಾಗಿ ಇಳಿಸುತ್ತಾರೆ. ಪರೀಕ್ಷೆಯಲ್ಲಿ ಕಂಡ ದೋಷವನ್ನು ಇದ್ದಂತೆಯೇ ತೋರಿಸಿ, ಅದನ್ನು ಸರಿಪಡಿಸಲು ತಗಲುವ ಖರ್ಚನ್ನು ಕಳೆದು ನಿಮ್ಮ ಬೆಲೆ ಹೇಳಿ. ಒಬ್ಬರ ಬಳಿಯೇ ಮೂರು ನಾಲ್ಕು ವಸ್ತು ಆರಿಸಿಕೊಂಡರೆ ಒಟ್ಟು ಬೆಲೆ ಕೇಳುವುದು ಲಾಭಕರ. ಮನಸ್ಸಿನಲ್ಲಿ ಗೊತ್ತುಮಾಡಿಕೊಂಡ ಮಿತಿಗೆ ಅವರು ಇಳಿಯದಿದ್ದರೆ ವಂದಿಸಿ ಮುಂದೆ ನಡೆಯಿರಿ. ಆದರೆ ನೀವು ಹೇಳಿದ ಬೆಲೆಗೆ ಅವರು ಒಪ್ಪಿದ ಮೇಲೆ ಹಿಂದೆ ಸರಿಯುವುದು ಸಭ್ಯತೆಯಲ್ಲ.

ಸಂತೆಯಿಂದ ತಂದ ಬಟ್ಟೆಗಳನ್ನು ಬೀರುವಿಗೆ ಸೇರಿಸುವ ಮೊದಲು ಬಟ್ಟೆ ಒಣಗಿಸುವ ಡ್ರೈಯರಿನ ಹೆಚ್ಚಿನ ಶಾಖದಲ್ಲಿ ಅರ್ಧ ಗಂಟೆಯಷ್ಟು ಹೊತ್ತು ಇಟ್ಟರೆ ತಿಗಣೆಗಳು ಸಾಯುತ್ತವೆ. ಶಾಖ ತಾಳದ ಸಣ್ಣ ವಸ್ತುಗಳನ್ನು ಚೀಲದಲ್ಲಿ ಬಿಗಿದು ಫ್ರೀಜರಿನೊಳಗೆ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕು ದಿನ ಇಡಬಹುದು. ಹಳೆಯ ನಾಣ್ಯಗಳನ್ನು ಮಾತ್ರ ತಿಕ್ಕಿ ಹೊಳಪು ಬರಿಸಲು ಹೋಗಬೇಡಿ, ಸಂಗ್ರಾಹಕರ ಕಣ್ಣಿನಲ್ಲಿ ಅವುಗಳ ಬೆಲೆ ಅದರಿಂದಲೇ ಕುಸಿಯುತ್ತದೆ. ಔಟ್‌ಲೆಟ್ಟಿನಿಂದ ತಂದದ್ದನ್ನು ಅದೇ ದಿನ ಮನೆಯ ಬೆಳಕಿನಲ್ಲಿ ಇನ್ನೊಮ್ಮೆ ಹಾಕಿ ನೋಡಿ. ಅಲ್ಲಿ ವಾಪಸು ಕೊಡುವ ಗಡುವು ಮುಖ್ಯ ಅಂಗಡಿಗಿಂತ ಕಡಿಮೆ ಇರಬಹುದು ಮತ್ತು ಔಟ್‌ಲೆಟ್ ಸರಕನ್ನು ಮುಖ್ಯ ಅಂಗಡಿಯವರು ತೆಗೆದುಕೊಳ್ಳದಿರಬಹುದು. ಆದ್ದರಿಂದ ತೊಡುತ್ತೇವೆಂದು ಖಚಿತವಾಗುವವರೆಗೆ ಚೀಟಿಯನ್ನು ಕತ್ತರಿಸದೆ, ರಸೀದಿಯನ್ನು ಜೊತೆಗೇ ಇಟ್ಟಿರಬೇಕು.