ಗಾಡಿ ತಗ್ಗಿಸಿದಿರಿ ಸರಿ, ಲೋವರ್ ಆರ್ಮ್ ಎತ್ತ ನೋಡುತ್ತಿದೆ?

ಸ್ವಿಫ್ಟ್‌ಗೆ ಗಿಡ್ಡ ಸ್ಪ್ರಿಂಗ್ ಹಾಕಿಸಿ 40 ಮಿ.ಮೀ. ಇಳಿಸಿದ ವಾರವೆಲ್ಲಾ ಖುಷಿಯೋ ಖುಷಿ. ಆಮೇಲೆ ಶುರುವಾಯಿತು. ನೇರ ರಸ್ತೆಯಲ್ಲಿ ಒಂದು ಚಕ್ರ ಗುಂಡಿಗೆ ಬಿದ್ದರೆ ಸಾಕು, ಸ್ಟೀರಿಂಗ್ ಮುಟ್ಟದಿದ್ದರೂ ಗಾಡಿ ಪಕ್ಕಕ್ಕೆ ಜಿಗಿಯುತ್ತಿತ್ತು. ಮುಂದಿನ ಟೈರಿನ ಒಳ ಅಂಚಿನ ಮೇಲೆ ಬೆರಳಾಡಿಸಿದರೆ ಗರಗಸದ ಹಲ್ಲು. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ, ಎರಡು ಸಲವೂ ಸ್ಕ್ರೀನ್ ಮೇಲೆ ಎಲ್ಲಾ ಹಸಿರು. ಗಾಡಿ ಮಾತ್ರ ಚಾಳಿ ಬಿಡಲಿಲ್ಲ. ಯಾಕೆಂದರೆ ಆ ಮಷಿನ್ ಅಳೆಯುವುದು ನಿಂತ ಗಾಡಿಯನ್ನು, ತೊಂದರೆ ಇದ್ದದ್ದು ಚಕ್ರ ಮೇಲೆ ಕೆಳಗೆ ಆಡುವಾಗ.

ಮೊದಲು ಸಮನೆಲದಲ್ಲಿ ನಿಲ್ಲಿಸಿ. ಟೈರಿಗೆ ಸರಿಯಾದ ಗಾಳಿ, ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟೇ ತೂಕ (ನಾನು ಅಕ್ಕಿಮೂಟೆ ಇಟ್ಟಿದ್ದೆ). ಈಗ ಬಗ್ಗಿ ಲೋವರ್ ಆರ್ಮ್ ನೋಡಿ, ಬಾಡಿಗೆ ಚಕ್ರವನ್ನು ಕೆಳಗಡೆಯಿಂದ ಸೇರಿಸುವ ತೋಳು ಅದು. ಚಕ್ರ ನೆಲದ ಮೇಲೇ ಇರುತ್ತದೆ, ಬಾಡಿ ಇಳಿಯುತ್ತದೆ, ಅಂದರೆ ಆರ್ಮ್‌ನ ಒಳತುದಿ ಕೆಳಗೆ ಬಂದು ಹೊರತುದಿ ಮೇಲೆ ಉಳಿಯುತ್ತದೆ. 330 ಮಿ.ಮೀ. ಉದ್ದದ ಆರ್ಮ್ ಆದರೆ 40 ಮಿ.ಮೀ.ಗೆ ಸುಮಾರು 7 ಡಿಗ್ರಿ ಓರೆ. ಇದರಿಂದ ರೋಲ್ ಸೆಂಟರ್ (ತಿರುವಿನಲ್ಲಿ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಗಾಡಿಗಿಂತ ಜಾಸ್ತಿ ಇಳಿದುಬಿಡುತ್ತದೆ. ತೂಕದ ಕೇಂದ್ರಕ್ಕೂ ಅದಕ್ಕೂ ನಡುವಿನ ಅಂತರವೇ ಗಾಡಿಯನ್ನು ವಾಲಿಸುವ ಸನ್ನೆ, ಅದು ಉದ್ದವಾಗುತ್ತದೆ. ತಗ್ಗಿಸಿದ ಗಾಡಿ ವಾಲುವುದಿಲ್ಲ ಅಂತ ನಮಗೆ ಅನ್ನಿಸುವುದು ಗಟ್ಟಿ ಸ್ಪ್ರಿಂಗ್ ದಯೆಯಿಂದ ಅಷ್ಟೇ.

ಇದಕ್ಕೆ ಮದ್ದು ಉದ್ದ ಕಡ್ಡಿಯ ಬಾಲ್ ಜಾಯಿಂಟ್, ಅಂದರೆ ಆರ್ಮ್‌ನ ಹೊರತುದಿಯನ್ನು ಚಕ್ರದ ಕಡೆಗೆ ಸೇರಿಸುವ ಗುಂಡು ಕೀಲು. 25 ಮಿ.ಮೀ. ಉದ್ದದ್ದು ಹಾಕಿದರೆ ಹೊರತುದಿ ಅಷ್ಟು ಕೆಳಗಿಳಿದು ಆರ್ಮ್ ಬಹುಪಾಲು ಮಟ್ಟಕ್ಕೆ ಬರುತ್ತದೆ. ರಿಮ್‌ಗೆ ತಾಗುತ್ತದಾ ಅಂತ ಕೈಯಲ್ಲಿ ಚಕ್ರ ತಿರುಗಿಸಿ ನೋಡಿ. ಹಳೇ ಬಾಲ್ ಜಾಯಿಂಟ್‌ಗೆ ವೆಲ್ಡ್ ಹೊಡೆದು ಉದ್ದ ಮಾಡಿಕೊಡುತ್ತೇವೆ ಅನ್ನುವವರಿದ್ದಾರೆ, ಅಲ್ಲಿಂದ ಎದ್ದು ಬನ್ನಿ. ಅದು ಮುರಿದರೆ ಚಕ್ರವೇ ಮಗುಚುತ್ತದೆ.

ಜಾಸ್ತಿ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ನಾನೂ ನಿಲ್ಲಿಸಿದ್ದೆ, ಜಿಗಿತ ಇನ್ನೂ ಹೆಚ್ಚಾಯಿತು! ಆರ್ಮ್ ಮಟ್ಟವಾಯಿತು, ಸ್ಟೀರಿಂಗ್ ಕಡೆಯಿಂದ ಬಂದು ಚಕ್ರ ತಿರುಗಿಸುವ ಟೈ ರಾಡ್ ಓರೆಯಾಗೇ ಉಳಿಯಿತು. ಎರಡೂ ಜೊತೆಜೊತೆಯಾಗಿ ಆಡಬೇಕಾದ ಜೋಡಿ, ಓರೆ ಬೇರೆ ಬೇರೆಯಾದರೆ ಚಕ್ರ ಮೇಲೆ ಕೆಳಗೆ ಆಡುವಾಗ ತಾನೇ ತಿರುಗಿಬಿಡುತ್ತದೆ. ಟೊಯೋಟಾ ಎಇ86 ಅನ್ನುವ ಹಳೇ ಕಾರಿನಲ್ಲಿ ಇದೇ ಕೆಲಸಕ್ಕೆ ಹಾಕುವ ಸ್ಪೇಸರ್ (ದಪ್ಪ ಬಿಲ್ಲೆ) ಸ್ಟ್ರಟ್‌ಗೂ (ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್ ಕಂಬ) ಸ್ಟೀರಿಂಗ್ ಆರ್ಮ್‌ಗೂ ನಡುವೆ ಕೂರುವುದರಿಂದ ಎರಡೂ ಒಟ್ಟಿಗೇ ಇಳಿಯುತ್ತವೆ. ಸ್ವಿಫ್ಟ್‌ನಲ್ಲಿ ಟೈ ರಾಡ್ ನಕಲ್‌ಗೆ (ಚಕ್ರವನ್ನು ಹೊತ್ತ ಲೋಹದ ತುಂಡು) ಬೇರೆಯಾಗಿ ಸೇರುತ್ತದೆ, ಹಾಗಾಗಿ ಅದನ್ನು ಬೇರೆಯಾಗೇ ಇಳಿಸಬೇಕು. ಶಿಮ್ (ಎತ್ತರ ಹೊಂದಿಸುವ ತೆಳು ಬಿಲ್ಲೆ) ಹಾಕಲು ಬರುವ ಟೈ ರಾಡ್ ಎಂಡ್ ತನ್ನಿ.

ಎಷ್ಟು ಶಿಮ್? ಅಂದಾಜು ಬೇಡ, ಅಳೆಯಿರಿ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ, ಸ್ಟ್ರಟ್‌ನಿಂದ ಸ್ಪ್ರಿಂಗ್ ತೆಗೆದು, ಸ್ಪ್ರಿಂಗ್ ಇಲ್ಲದ ಸ್ಟ್ರಟ್ಟನ್ನು ಮಾತ್ರ ಮತ್ತೆ ಜೋಡಿಸಿ (ಕಂಪ್ರೆಸರ್ ಇಲ್ಲದೆ ಸ್ಪ್ರಿಂಗ್ ಬಿಚ್ಚುವ ಸಾಹಸ ಬೇಡ). ಸ್ಟೀರಿಂಗ್ ನೇರ ಲಾಕ್ ಮಾಡಿ. ಬ್ರೇಕ್ ಡಿಸ್ಕ್‌ಗೆ ಒಂದು ಲೇಸರ್ ಕಟ್ಟಿ, 3 ಮೀಟರ್ ಮುಂದೆ ಗೋಡೆಗೆ ಬೀಳುವ ಹಾಗೆ. ಇನ್ನು ಜಾಕ್‌ನಿಂದ ಹಬ್ ಅನ್ನು 10 ಮಿ.ಮೀ. 10 ಮಿ.ಮೀ. ಏರಿಸುತ್ತಾ ಚುಕ್ಕೆ ಗುರುತಿಸಿ. ಚುಕ್ಕೆಗಳು ನೇರ ಮೇಲಕ್ಕೆ ಹೋದರೆ ಸರಿ. ಪಕ್ಕಕ್ಕೆ 52 ಮಿ.ಮೀ. ಸರಿದರೆ ಚಕ್ರ 1 ಡಿಗ್ರಿ ತಿರುಗಿತು ಅಂತ ಲೆಕ್ಕ. ನನ್ನದರಲ್ಲಿ ಏರಿಸಿದಷ್ಟೂ ಹೊರಕ್ಕೆ ಓಡುತ್ತಿತ್ತು, ರ‍್ಯಾಕ್ (ಟೈ ರಾಡನ್ನು ಎಳೆದು ತಳ್ಳುವ ಸ್ಟೀರಿಂಗ್ ಭಾಗ) ಆಕ್ಸಲ್‌ನ ಹಿಂದಿರುವ ಗಾಡಿಯಲ್ಲಿ ಟೈ ರಾಡ್ ಎಂಡ್ ಇನ್ನೂ ಕೆಳಗಿಳಿಯಬೇಕು ಅಂತ ಅರ್ಥ. ಶಿಮ್ ಸೇರಿಸಿ ಮತ್ತೆ ಅಳೆಯಿರಿ. ಅರ್ಧ ದಿನ ಹೋಗುತ್ತದೆ, ಹೋಗಲಿ.

ಲೋವರ್ ಆರ್ಮ್ ಬುಷ್ ಬೋಲ್ಟ್‌ಗಳನ್ನು ಗಾಡಿ ಚಕ್ರದ ಮೇಲೆ ನಿಂತ ಮೇಲೇ ಬಿಗಿ ಮಾಡಿ. ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಅಲೈನ್‌ಮೆಂಟ್ ಕೊನೆಗೆ. ರಸ್ತೆ ಓಡಾಟಕ್ಕೆ ಕ್ಯಾಂಬರ್ (ಎದುರಿನಿಂದ ನೋಡಿದರೆ ಚಕ್ರದ ವಾಲು, ಮೈನಸ್ ಅಂದರೆ ಮೇಲ್ಭಾಗ ಒಳಕ್ಕೆ) ಮೈನಸ್ 1ರಿಂದ 1.5 ಡಿಗ್ರಿ ಸಾಕು, ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸೊನ್ನೆಗೆ ಹತ್ತಿರ. 500 ಕಿ.ಮೀ. ಓಡಿಸಿ ನಟ್‌ಗಳನ್ನು ಇನ್ನೊಮ್ಮೆ ನೋಡಿ. ಹೆಡ್‌ಲೈಟನ್ನೂ ಸರಿ ಮಾಡಿಸಿಕೊಳ್ಳಿ, ಮುಂಭಾಗ ಇಳಿದ ಗಾಡಿ ರಾತ್ರಿ ಹೊತ್ತು ತನ್ನ ಕಾಲ ಬುಡಕ್ಕೇ ಬೆಳಕು ಬಿಡುತ್ತಿರುತ್ತದೆ.