ಹಳೆ ಚರ್ಮದ ಹೈಕಿಂಗ್ ಬೂಟು: ನಾನು ಬದಲಾಯಿಸಿದ್ದು, ಹಾಗೇ ಬಿಟ್ಟಿದ್ದು

ವೆಲ್ಟ್ (ಮೇಲ್ಭಾಗವನ್ನೂ ಅಟ್ಟೆಯನ್ನೂ ಸೇರಿಸುವ ಅಂಚುಪಟ್ಟಿ) ಹೊಲಿಗೆಯ ಬೂಟಿನಲ್ಲಿ ಮೇಲ್ಭಾಗದ ಎರಡೂವರೆ ಮಿ.ಮೀ. ದಪ್ಪದ ಚರ್ಮ ಬಹಳ ವರ್ಷ ಬಾಳುತ್ತದೆ. ಬದಲಾವಣೆ ಮುಖ್ಯವಾಗಿ ಬೇಕಾಗುವುದು ಅದರ ಕೆಳಗೆ.

ಹಳೆ ವಿನ್ಯಾಸದಲ್ಲಿ ವೆಲ್ಟಿನಡಿ ಎರಡು ಪದರ ಚರ್ಮ, ಅದರ ಕೆಳಗೆ ರಬ್ಬರ್ ಅಟ್ಟೆ. ಮಲೆನಾಡಿನ ಮಳೆಯಲ್ಲಿ ಈ ಚರ್ಮ ನೀರು ಕುಡಿದು ಭಾರವಾಗುತ್ತದೆ, ಬೇಗ ಒಣಗುವುದೂ ಇಲ್ಲ. ಹೊಲಿಗೆ ಹಿಡಿದಿರುವ ಮೇಲಿನ ಪದರ ಉಳಿಸಿಕೊಂಡು, ಕೆಳಗಿನದನ್ನು ರಂಪಿಗೆಯಿಂದ (ಚರ್ಮ ಕೊಯ್ಯುವ ಕತ್ತಿ) ಬಿಡಿಸಿ, 8 ಮಿ.ಮೀ. ಗಟ್ಟಿ ಇವಿಎ (ಹಗುರ ಪ್ಲಾಸ್ಟಿಕ್ ಫೋಮ್) ಹಾಳೆ ಕೂರಿಸಿದೆ. ಮೆತ್ತಗಿನ ಇವಿಎ ಹಿಮ್ಮಡಿಯಲ್ಲಿ ಒಂದು ಬದಿಗೆ ಕುಸಿಯುತ್ತದೆ. ಪಾಲಿಯುರೆಥೇನ್ ಎಂಬ ಇನ್ನೊಂದು ಫೋಮ್ ಕಾಲಿಗೆ ಹಿತ, ಆದರೂ ನಾನು ಹಾಕುವುದಿಲ್ಲ: ಗಾಳಿಯ ತೇವವೇ ಅದನ್ನು ಒಳಗಿಂದ ಒಡೆಯುತ್ತದೆ. ಕಪಾಟಿನಲ್ಲಿ ಸುಮ್ಮನೆ ಇಟ್ಟ ಬೂಟಿನಲ್ಲೂ ಅದು ಕೆಲವು ವರ್ಷಕ್ಕೆ ಪುಡಿಯಾಗಿ ಅಟ್ಟೆ ಕಳಚುತ್ತದೆ.

ಅಂಟಿಸುವಾಗಲೇ ಹೆಚ್ಚು ಎಡವಟ್ಟು. ಮೇಣ, ಎಣ್ಣೆ ಹೀರಿದ ಚರ್ಮಕ್ಕೆ ಅಂಟು ಹಿಡಿಯದು. ಒರಟು ಉಜ್ಜುಕಾಗದದಿಂದ ನಾರು ಏಳುವವರೆಗೆ ಉಜ್ಜಬೇಕು. ಇವಿಎಗೆ ಮೊದಲು ಪ್ರೈಮರ್ (ಅಂಟು ಹಿಡಿಯುವಂತೆ ಮಾಡುವ ದ್ರವ) ಬಳಿಯಬೇಕು. ಆಮೇಲೆ ಎರಡೂ ಮೈಗೆ ನಿಯೋಪ್ರೀನ್ ಅಂಟನ್ನು ತೆಳುವಾಗಿ ಎರಡು ಸಲ ಬಳಿದು, ಪ್ರತಿ ಸಲ ಕಾಲು ಗಂಟೆ ಒಣಗಿಸಿ, ಬಿಸಿಗಾಳಿಯಲ್ಲಿ ಹದವಾಗಿ ಕಾಯಿಸಿ, ನಡುವಿನಿಂದ ಅಂಚಿಗೆ ಒತ್ತುತ್ತೇನೆ. ಬಿಸಿ ಮೀರಿದರೆ ಇವಿಎ ಸುಕ್ಕುಗಟ್ಟುತ್ತದೆ. ಬೂಟಿನೊಳಗೆ ಮರದ ಅಚ್ಚು ಇರಲೇಬೇಕು, ಇಲ್ಲದಿದ್ದರೆ ಅಟ್ಟೆ ತಿರುಚಿಕೊಳ್ಳುತ್ತದೆ. ಅಂಟಿಸಿದ ಮೇಲೆ ಒಂದು ಇಡೀ ದಿನ ಬೂಟನ್ನು ಕಾಲಿಗೆ ಹಾಕುವ ಹಾಗಿಲ್ಲ.

ಅಟ್ಟೆಯ ಹಲ್ಲಿನ ವಿನ್ಯಾಸ ಬದಲಾಯಿಸಲಿಲ್ಲ. ಇಟಲಿಯ ಪರ್ವತಾರೋಹಿ ವಿಟಾಲೆ ಬ್ರಮಾನಿ 1937ರಲ್ಲಿ ತಂದ, ದಪ್ಪ ಹಲ್ಲುಗಳ ಕ್ಯಾರಾರ್ಮಾಟೊ ಮಾದರಿ ಬಂಡೆಯ ಮೇಲೆ ಇಂದಿಗೂ ಸೊಗಸಾಗಿ ಹಿಡಿಯುತ್ತದೆ. ಅಟ್ಟೆಯ ಮುಂದಿನ ತುದಿಯನ್ನು ಮಾತ್ರ ಕೊಂಚ ಮೇಲಕ್ಕೆ ಇಳಿಜಾರಾಗಿ ಉಜ್ಜಿದೆ. ಹೆಜ್ಜೆ ಉರುಳಲು ಸುಲಭ, ಬೆರಳ ಬಳಿ ಅಂಟು ಬಿಡುವುದೂ ಕಡಿಮೆ.

ಬೆರಳಿನ ಮುಂದೆ, ಹಿಮ್ಮಡಿಗೆ 2 ಮಿ.ಮೀ. ರಬ್ಬರ್ ಪಟ್ಟಿ ಸುತ್ತಿದೆ. ಬೂಟಿನ ಸುತ್ತಲೂ ಹಾಕುವುದು ಈಗಿನ ರೂಢಿ, ಆದರೆ ಕಾಲು ಮಡಿಚುವ ಗೆರೆಯಲ್ಲಿ ಪಟ್ಟಿ ಮೊದಲು ಎದ್ದೇಳುತ್ತದೆ.

ಕಣಕಾಲು ಬಾಗುವಲ್ಲಿ ಮಾಮೂಲಿ ಕೊಕ್ಕೆಯ ಬದಲು ಲೇಸ್ ಕಚ್ಚಿ ಹಿಡಿಯುವ ಕೊಕ್ಕೆ ಹಾಕಿದೆ. ಕೆಳಗೆ ಬಿಗಿ, ಮೇಲೆ ಸಡಿಲ ಕಟ್ಟಬಹುದು. ಹಿಮ್ಮಡಿ ಜಾರಿ ಬೊಬ್ಬೆ ಬರುವುದು ನಿಲ್ಲುತ್ತದೆ. ರಿವಿಟ್ ಹಿಂದೆ ವಾಷರ್ ಇಡದಿದ್ದರೆ ಚರ್ಮ ಹರಿದು ಬರುತ್ತದೆ. ಹಿಂಭಾಗದ ಕಾಲರನ್ನು ಒಂದೂವರೆ ಸೆಂ.ಮೀ. ತಗ್ಗಿಸಿ ಮೆತ್ತನೆ ಚರ್ಮ ಹೊಲಿದೆ, ಇಳಿಜಾರಿನಲ್ಲಿ ಹಿಮ್ಮಡಿಯ ನರಕ್ಕೆ ಒತ್ತುವುದಿಲ್ಲ. ಬೂಟಿನ ನಾಲಿಗೆಯ (ಲೇಸಿನ ಕೆಳಗಿನ ಚರ್ಮದ ಪಟ್ಟಿ) ಎರಡೂ ಬದಿಯ ಮಡಿಕೆಗೆ ಕತ್ತರಿ ಹಾಕಲೇಬಾರದು: ನೀರು ಒಳಗೆ ನುಗ್ಗದಂತೆ ತಡೆಯುವುದು ಅದೇ.