ಮೊದಲು ಸೋಲು ಎಣಿಸಿ: ಮಹಿಳಾ ಕಾಲೇಜು ಬಾಸ್ಕೆಟ್‌ಬಾಲ್ ಕಾನ್ಫರೆನ್ಸ್ ಪೈಪೋಟಿಯನ್ನು ಓದುವ ಬಗೆ

ಅಮೆರಿಕದ ಮಹಿಳಾ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ನನಗೆ ಮಾರ್ಚ್‌ಗಿಂತ ಫೆಬ್ರವರಿಯೇ ಜಾಸ್ತಿ ಇಷ್ಟ. ಮಾರ್ಚ್‌ನ ರಾಷ್ಟ್ರೀಯ ಟೂರ್ನಿಯಲ್ಲಿ ಒಂದು ರಾತ್ರಿ ಕೆಟ್ಟರೆ ಕಥೆ ಮುಗಿಯಿತು. ಕಾನ್ಫರೆನ್ಸ್ ಪಟ್ಟ, ಅಂದರೆ ಕಾಲೇಜುಗಳ ಒಂದು ಗುಂಪಿನೊಳಗೆ ನಡೆಯುವ ಲೀಗ್‌ನ ಮೊದಲ ಸ್ಥಾನ, ಹಾಗಲ್ಲ. ಎರಡು ತಿಂಗಳು, ವಾರಕ್ಕೆ ಎರಡರಂತೆ ಆಡಿ, ದೂರದ ಊರುಗಳಲ್ಲೂ ಗೆದ್ದು ಸಂಪಾದಿಸಬೇಕು. ಅಭಿಮಾನಿಗಳ ನಡುವೆ ಒಳ್ಳೆಯ ಚರ್ಚೆ ನಡೆಯುವುದೂ ಆಗಲೇ. ಆ ಚರ್ಚೆಗೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ, ದೇಶದ ಉತ್ತಮ ತಂಡಗಳ ಟಾಪ್ 25 ಪಟ್ಟಿಯನ್ನು ಪಕ್ಕಕ್ಕಿಡಿ. ಅದು ಪತ್ರಕರ್ತರ ಮತ್ತು ಕೋಚ್‌ಗಳ ಮತ. ಕಾನ್ಫರೆನ್ಸ್ ಗೆಲ್ಲುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿಮಗೆ ಬೇಕಾದದ್ದು ಕಾನ್ಫರೆನ್ಸಿನ ಸ್ಟ್ಯಾಂಡಿಂಗ್ಸ್, ಅಂದರೆ ಗೆಲುವು-ಸೋಲುಗಳ ಪಟ್ಟಿ. ಅದರಲ್ಲೂ ಎರಡು ಲೆಕ್ಕ ಇರುತ್ತದೆ, ಒಟ್ಟು ಸೀಸನ್‌ನದು ಒಂದು, ಕಾನ್ಫರೆನ್ಸ್ ಪಂದ್ಯಗಳದ್ದು ಇನ್ನೊಂದು. ಎರಡನೆಯದನ್ನೇ ನೋಡಿ. 2025ರ ಫೆಬ್ರವರಿ 16ರಂದು ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ತಂಡ ಸೌತ್ ಕ್ಯಾರೊಲಿನಾವನ್ನು ಅದರ ತವರಿನಲ್ಲೇ 87-58ರಿಂದ ಸೋಲಿಸಿತು. ತವರಿನ 71 ಸತತ ಗೆಲುವುಗಳ ಸರಣಿ ಅಲ್ಲಿಗೆ ಮುರಿಯಿತು. ನನ್ನಂಥ ಸೌತ್ ಕ್ಯಾರೊಲಿನಾ ಅಭಿಮಾನಿಗಳಿಗೆ ತುಂಬಾ ನೋವಾದ ದಿನ. ಆದರೆ ಯುಕಾನ್ ಇರುವುದು ಬಿಗ್ ಈಸ್ಟ್‌ನಲ್ಲಿ, ನಾವಿರುವುದು ಎಸ್‌ಇಸಿ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) ಅನ್ನುವ ಬೇರೆ ಕಾನ್ಫರೆನ್ಸಿನಲ್ಲಿ. ಹಾಗಾಗಿ ಎಸ್‌ಇಸಿ ಪಟ್ಟಿಯಲ್ಲಿ ಆ ಸೋಲಿನಿಂದ ಒಂದು ಅಂಕಿಯೂ ಬದಲಾಗಲಿಲ್ಲ. ರಾಷ್ಟ್ರೀಯ ಟೂರ್ನಿಯ ಸೀಡ್, ಅಂದರೆ ತಂಡಗಳಿಗೆ ಕೊಡುವ ಶ್ರೇಯಾಂಕದ ವಿಷಯ ಬಂದಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ಇನ್ನು ಮುಖ್ಯವಾದ ಮಾತು. ಗೆಲುವುಗಳನ್ನು ಬಿಟ್ಟು ಸೋಲುಗಳನ್ನು ಎಣಿಸಿ. ಸೀಸನ್ ಮಧ್ಯೆ ಎಲ್ಲ ತಂಡಗಳೂ ಒಂದೇ ಸಂಖ್ಯೆಯ ಪಂದ್ಯ ಆಡಿರುವುದಿಲ್ಲ. ಒಂದು ತಂಡ 11-2 (11 ಗೆಲುವು, 2 ಸೋಲು), ಇನ್ನೊಂದು 9-1 ಅಂದುಕೊಳ್ಳಿ. ಮೊದಲನೆಯದಕ್ಕೆ ಗೆಲುವು ಜಾಸ್ತಿ, ನಿಜ. ಆದರೆ ಎರಡನೆಯದು ತನ್ನ ಉಳಿದ ಪಂದ್ಯಗಳನ್ನು ಗೆದ್ದರೆ ಸಾಕು, ಯಾರ ಹಂಗೂ ಇಲ್ಲ. ಮೊದಲನೆಯದು ಬೇರೆಯವರು ಸೋಲಲಿ ಎಂದು ಕಾಯಬೇಕು. ಆಡದ ಪಂದ್ಯವನ್ನು ಗೆಲ್ಲಬಹುದು, ಸೋತ ಪಂದ್ಯವನ್ನು ಮತ್ತೆ ಆಡುವುದಕ್ಕೆ ಆಗುವುದಿಲ್ಲ. ಯಾವ ತಂಡದ ಹಣೆಬರಹ ಅದರ ಕೈಯಲ್ಲೇ ಇದೆ ಅನ್ನುವುದು ಸೋಲಿನ ಕಾಲಂ ನೋಡಿದರೆ ಥಟ್ಟನೆ ಗೊತ್ತಾಗುತ್ತದೆ.

ಆಮೇಲೆ ವೇಳಾಪಟ್ಟಿ. ಇಲ್ಲಿ ಸಮಯ ಕೊಡಿ, ಅರ್ಧ ಪೈಪೋಟಿ ಇಲ್ಲೇ ಅಡಗಿದೆ. ಕಾನ್ಫರೆನ್ಸ್‌ಗಳು ಈಗ ತುಂಬಾ ದೊಡ್ಡದಾಗಿವೆ. 2024ರಲ್ಲಿ ಟೆಕ್ಸಸ್, ಒಕ್ಲಹೋಮ ಸೇರಿ ಎಸ್‌ಇಸಿ 16 ತಂಡಗಳಾಯಿತು. ಅದೇ ವರ್ಷ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಮತ್ತು ಯುಎಸ್‌ಸಿ, ಜೊತೆಗೆ ಆರೆಗನ್, ವಾಷಿಂಗ್ಟನ್ ಸೇರಿ ಬಿಗ್ ಟೆನ್ ಕಾನ್ಫರೆನ್ಸ್ 18 ಆಯಿತು. ಆ ಸೀಸನ್‌ನಲ್ಲಿ ಎಸ್‌ಇಸಿ ತಂಡಕ್ಕೆ 16 ಕಾನ್ಫರೆನ್ಸ್ ಪಂದ್ಯ, ಬಿಗ್ ಟೆನ್ ತಂಡಕ್ಕೆ 18. ಲೆಕ್ಕ ಹಾಕಿ ನೋಡಿ, ಒಂದೇ ಒಂದು ಎದುರಾಳಿಯ ಜೊತೆ ಎರಡು ಸಲ ಆಟ, ಉಳಿದವರ ಜೊತೆ ಒಂದೊಂದೇ ಸಲ. ಅಂದರೆ ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ ಸಿಕ್ಕಿರುವುದಿಲ್ಲ. ಎರಡು ಸಲ ಆಡುವ ಎದುರಾಳಿ ಬಲಶಾಲಿಯೋ ದುರ್ಬಲವೋ? ಒಂದೇ ಸಲ ಆಡುವ ಗಟ್ಟಿ ತಂಡದ ಜೊತೆ ಆಟ ತವರಿನಲ್ಲೋ ಅವರ ಅಂಗಳದಲ್ಲೋ? ಪಟ್ಟ ಸಾಮಾನ್ಯವಾಗಿ ಈ ಎರಡು ಪ್ರಶ್ನೆಗಳಲ್ಲೇ ತೀರ್ಮಾನವಾಗುತ್ತದೆ. ಹಾರ್ವರ್ಡ್, ಪ್ರಿನ್ಸ್‌ಟನ್ ಇರುವ ಐವಿ ಲೀಗ್ ಅನ್ನುವ ಕಾನ್ಫರೆನ್ಸಿನಲ್ಲಿ 8 ತಂಡ, 14 ಪಂದ್ಯ, ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಎರಡು ಸಲ. ನನ್ನ ಪ್ರಕಾರ ನ್ಯಾಯವಾದ ಪದ್ಧತಿ ಅಂದರೆ ಅದು. ದೊಡ್ಡ ಕಾನ್ಫರೆನ್ಸ್‌ಗಳು ಅದನ್ನು ಕಳೆದುಕೊಂಡಿದ್ದು ನನಗೆ ಈಗಲೂ ಬೇಸರ.

ನಾನು ಮಾಡುವುದು ಇಷ್ಟು. ಜನವರಿ ಕೊನೆಗೆ ಪಟ್ಟದ ಆಸೆ ಇರುವ ತಂಡಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಪ್ರತಿ ತಂಡದ ಕೆಳಗೆ ಉಳಿದ ಪಂದ್ಯಗಳು. ಹೊರಗೆ ಆಡುವ ಪಂದ್ಯಕ್ಕೆ ಕೆಂಪು ಗೆರೆ. ಈ ತಂಡಗಳು ತಮ್ಮತಮ್ಮಲ್ಲೇ ಆಡುವ ಪಂದ್ಯಕ್ಕೆ ಸುತ್ತು. ಕಂಪ್ಯೂಟರ್ ಊಹೆಗಳು ಸಿಗುತ್ತವೆ, ನೋಡಿ, ತಪ್ಪಿಲ್ಲ. ಆದರೆ ಕೈಯಲ್ಲಿ ಬರೆದಾಗ ಯಾವ ವಾರ ಯಾರಿಗೆ ಭಾರ ಅನ್ನುವುದು ಮನಸ್ಸಲ್ಲಿ ಕೂರುತ್ತದೆ.

ಇದು ಹೇಗೆ ಉಪಯೋಗಕ್ಕೆ ಬರುತ್ತದೆ ಅನ್ನುವುದಕ್ಕೆ 2025ರ ಬಿಗ್ ಟೆನ್ ನೋಡಿ. ಫೆಬ್ರವರಿ 2ರಂದು ಯುಎಸ್‌ಸಿ ಅಯೋವಾಗೆ ಹೋಗಿ 76-69ರಿಂದ ಸೋತಿತು. ತನ್ನ ಹಿಂದಿನ ತಾರೆ ಕೇಟ್ಲಿನ್ ಕ್ಲಾರ್ಕ್ ಧರಿಸುತ್ತಿದ್ದ 22ನೇ ನಂಬರ್ ಜೆರ್ಸಿಗೆ ಅಯೋವಾ ಗೌರವದ ನಿವೃತ್ತಿ ಕೊಟ್ಟಿದ್ದು ಅವತ್ತೇ. ಯುಸಿಎಲ್‌ಎ ಇನ್ನೂ ಒಂದೂ ಸೋತಿರಲಿಲ್ಲ. ಯುಎಸ್‌ಸಿ ಕಥೆ ಮುಗಿಯಿತು ಅಂದವರು ಬಹಳ. ಆದರೆ ವೇಳಾಪಟ್ಟಿಯಲ್ಲಿ ಇವರಿಬ್ಬರ ಎರಡು ಪಂದ್ಯಗಳೂ ಬಾಕಿ ಇದ್ದವು. ಫೆಬ್ರವರಿ 13ರಂದು ಯುಎಸ್‌ಸಿ 71-60ರಿಂದ ಗೆದ್ದಿತು, ಇಬ್ಬರಿಗೂ ಒಂದೊಂದು ಸೋಲು. ಮಾರ್ಚ್ 1ರಂದು ಯುಸಿಎಲ್‌ಎ ಅಂಗಳದಲ್ಲೇ 80-67ರಿಂದ ಗೆದ್ದು ಪಟ್ಟ ಹೊತ್ತುಕೊಂಡು ಹೋಯಿತು. ಕೊನೆಗೆ ಯುಎಸ್‌ಸಿ 17-1, ಯುಸಿಎಲ್‌ಎ 16-2.

ಮೂರನೆಯದಾಗಿ, ಸಮ ಬಂದರೆ ಏನು ಮಾಡುತ್ತಾರೆ ಅನ್ನುವ ನಿಯಮವನ್ನು ಮೊದಲೇ ಓದಿಟ್ಟುಕೊಳ್ಳಿ. ಕಾನ್ಫರೆನ್ಸ್‌ನಿಂದ ಕಾನ್ಫರೆನ್ಸ್‌ಗೆ ಸ್ವಲ್ಪ ಬದಲಾಗುತ್ತದೆ. ಸಾಮಾನ್ಯವಾಗಿ ಮೊದಲು ನೋಡುವುದು ಪರಸ್ಪರ ಆಡಿದ ಪಂದ್ಯ. 2025ರ ಎಸಿಸಿಯಲ್ಲಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ನಾರ್ತ್ ಕ್ಯಾರೊಲಿನಾ ಸ್ಟೇಟ್, ನೋಟರ್ ಡೇಮ್ ಎರಡೂ 16-2. ಫೆಬ್ರವರಿ 23ರಂದು ಎರಡು ಓವರ್‌ಟೈಮ್ ಆಡಿ 104-95ರಿಂದ ಗೆದ್ದಿದ್ದು ನಾರ್ತ್ ಕ್ಯಾರೊಲಿನಾ ಸ್ಟೇಟ್, ಹಾಗಾಗಿ ಲೀಗ್ ಪಂದ್ಯಗಳು ಮುಗಿದ ಮೇಲೆ ಕಾನ್ಫರೆನ್ಸ್ ನಡೆಸುವ ನಾಕೌಟ್ ಟೂರ್ನಿಯಲ್ಲಿ ಮೊದಲ ಸೀಡ್ ಅವರಿಗೇ.

ಪರಸ್ಪರ ಪಂದ್ಯಗಳೂ ಸಮವಾದರೆ? ಅದೇ ಸೀಸನ್‌ನ ಎಸ್‌ಇಸಿಯಲ್ಲಿ ಹಾಗೇ ಆಯಿತು. ಜನವರಿ 12ರಂದು ಸೌತ್ ಕ್ಯಾರೊಲಿನಾ 67-50ರಿಂದ ಟೆಕ್ಸಸ್ ತಂಡವನ್ನು ಸೋಲಿಸಿತು. ಫೆಬ್ರವರಿ 9ರಂದು ತನ್ನ ತವರು ಆಸ್ಟಿನ್‌ನಲ್ಲಿ ಟೆಕ್ಸಸ್ 66-62ರಿಂದ ಗೆದ್ದಿತು. ಬೇರೆ ಯಾರ ಕೈಯಲ್ಲೂ ಇಬ್ಬರೂ ಸೋಲಲಿಲ್ಲ. ಎರಡೂ 15-1. ಬೇರೆ ತಂಡಗಳ ಎದುರಿನ ಫಲಿತಾಂಶ ಹೋಲಿಸಿದರೂ ಕೂದಲೆಳೆಯ ವ್ಯತ್ಯಾಸ ಇಲ್ಲ. ಟೆಕ್ಸಸ್ ಅಭಿಮಾನಿಯಾದ ನನ್ನ ಗೆಳತಿ ಅಂಕಗಳ ಅಂತರ ನೋಡಲಿ ಅನ್ನಲಿಲ್ಲ, ನೋಡಿದರೆ ಸೌತ್ ಕ್ಯಾರೊಲಿನಾದ ನಾವೇ ಮುಂದಿದ್ದೆವು. ನಿಯಮದಲ್ಲಿ ಅದು ಇರಲೂ ಇಲ್ಲ. ನಿಯಮದ ಕೊನೆಯ ಸಾಲು ಟಾಸ್. ಮಾರ್ಚ್ 2ರಂದು ನಾಣ್ಯ ಚಿಮ್ಮಿದರು, ಮೊದಲ ಸೀಡ್ ಸೌತ್ ಕ್ಯಾರೊಲಿನಾಗೆ ಬಂತು. ನಮಗೇ ಬಂದರೂ ಹೇಳುತ್ತೇನೆ, ಎರಡು ತಿಂಗಳ ಬೆವರನ್ನು ನಾಣ್ಯಕ್ಕೆ ಒಪ್ಪಿಸಬಾರದು. ಪಟ್ಟವನ್ನು ಮಾತ್ರ ಇಬ್ಬರೂ ಹಂಚಿಕೊಂಡರು, ಅದು ಸರಿಯಾಯಿತು.

ಸೀಡ್‌ಗೆ ಇಷ್ಟೆಲ್ಲ ಯಾಕೆ ಅಂತೀರಾ? ಎಸ್‌ಇಸಿ, ಬಿಗ್ ಟೆನ್ ಟೂರ್ನಿಗಳಲ್ಲಿ ಮೊದಲ ನಾಲ್ಕು ತಂಡಗಳಿಗೆ ಎರಡು ಸುತ್ತು ಆಡದೆಯೇ ಕ್ವಾರ್ಟರ್‌ಫೈನಲ್ ಸಿಗುತ್ತದೆ. ಕಾಲಿಗೆ ಎರಡು ದಿನ ವಿಶ್ರಾಂತಿ. ಆದ್ದರಿಂದ ನಾಲ್ಕನೇ ಮತ್ತು ಐದನೇ ಸ್ಥಾನದ ನಡುವಿನ ಜಗಳವನ್ನೂ ಮೊದಲ ಸ್ಥಾನದಷ್ಟೇ ಗಮನಿಸಿ. 2025ರ ಬಿಗ್ ಟೆನ್‌ನಲ್ಲಿ ಕೊನೆಯ ಮೂರು ತಂಡಗಳಿಗೆ ಟೂರ್ನಿಗೇ ಪ್ರವೇಶ ಇರಲಿಲ್ಲ, ಹಾಗಾಗಿ 15ನೇ ಸ್ಥಾನಕ್ಕೂ ಹೋರಾಟ.

ಒಂದು ವಿಷಯ ಮರೆಯಬೇಡಿ. ರಾಷ್ಟ್ರೀಯ ಟೂರ್ನಿಗೆ ನೇರ ಟಿಕೆಟ್ ಸಿಗುವುದು ಕಾನ್ಫರೆನ್ಸ್ ಟೂರ್ನಿ ಗೆದ್ದವರಿಗೆ. ಎರಡು ತಿಂಗಳ ಪಟ್ಟ ಗೆದ್ದವರಿಗೆ ಅಲ್ಲ. ಸಣ್ಣ ಕಾನ್ಫರೆನ್ಸ್‌ನಲ್ಲಿ ಇದು ಬಹಳ ಕಠಿಣ. 2025ರಲ್ಲಿ ಐವಿ ಪಟ್ಟ ಕೊಲಂಬಿಯಾಗೆ, ಟೂರ್ನಿ ಹಾರ್ವರ್ಡ್‌ಗೆ. ಉಳಿದ ಜಾಗಗಳಿಗೆ ತಂಡಗಳನ್ನು ಕರೆಯುವ ಆಯ್ಕೆ ಸಮಿತಿ ಕೊಲಂಬಿಯಾ, ಪ್ರಿನ್ಸ್‌ಟನ್ ಎರಡನ್ನೂ ಕರೆದದ್ದರಿಂದ ಐವಿಯಿಂದ ಮೊದಲ ಬಾರಿ ಮೂರು ತಂಡ ಹೋದವು. ಹಾಗೆ ಕರೆ ಬರದೆ ಮನೆಗೆ ಹೋದ ಪಟ್ಟದ ತಂಡಗಳೇ ಜಾಸ್ತಿ.

ದೊಡ್ಡ ತಂಡಗಳ ಅಭಿಮಾನಿಗಳು ಇನ್ನೊಂದು ಗುರಿ ಇಟ್ಟುಕೊಳ್ಳಿ, ದೇಶದ ಮೊದಲ 16 ಸೀಡ್. ಅವರಿಗೆ ಮೊದಲ ಎರಡು ಸುತ್ತು ತವರಿನಲ್ಲೇ. ಪುರುಷರ ಟೂರ್ನಿಯಲ್ಲಿ ಈ ಸೌಲಭ್ಯ ಇಲ್ಲ.

ಕಾನ್ಫರೆನ್ಸ್ ಟೂರ್ನಿ ಮುಗಿದ ಮೇಲೆ ಬೆಂಬಲದ ದಿಕ್ಕು ಬದಲಿಸಿ. 2025ರಿಂದ ಮಹಿಳಾ ಟೂರ್ನಿಯಲ್ಲಿ ತಂಡಗಳು ಆಡುವ ಪಂದ್ಯಗಳಿಗೆ ಅವುಗಳ ಕಾನ್ಫರೆನ್ಸ್‌ಗೆ ಹಣ ಬರುತ್ತದೆ. ಮೊದಲ ವರ್ಷದ ನಿಧಿ 1.5 ಕೋಟಿ ಡಾಲರ್. ಪುರುಷರಿಗೆ ಇದು ದಶಕಗಳಿಂದ ಇತ್ತು, ಮಹಿಳೆಯರಿಗೆ ಇಷ್ಟು ತಡವಾಗಬಾರದಿತ್ತು. ಹಾಗಾಗಿ ಫೆಬ್ರವರಿಯಲ್ಲಿ ಸೋಲಲಿ ಎಂದು ಬೇಡಿಕೊಂಡ ತಂಡವೇ ಮಾರ್ಚ್‌ನಲ್ಲಿ ಒಂದು ಸುತ್ತು ಮುಂದೆ ಹೋದರೆ ನಿಮ್ಮ ಕಾನ್ಫರೆನ್ಸ್‌ಗೂ ಲಾಭ. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ನಿಮ್ಮ ಕಾನ್ಫರೆನ್ಸಿನ ಎಷ್ಟು ತಂಡ ಉಳಿದಿವೆ ಎಂದು ಬರೆದುಕೊಳ್ಳಿ. 2025ರಲ್ಲಿ ಬಿಗ್ ಟೆನ್‌ನವರು 12 ತಂಡಗಳಿಂದ ಶುರುಮಾಡಿದರು, ನಾವು ಎಸ್‌ಇಸಿಯವರು 10ರಿಂದ.